ಕಲಂ ಹತ್ತೊಂಬತ್ತು ಮತ್ತು ರಹಿಮಾಬಿಯ ಬಂಧುಬಳಗ

ಟೈ ಕಟ್ಟಿಕೊಂಡು ಖಾರಾ ಮಾರಿದ ಮನುಷ್ಯ ಸವಣೂರಿನಲ್ಲಿ ಇದುವರೆಗೆ ಒಬ್ಬನೇ. ಅವನು ನಬೀಸಾಬ. ಆ ಊರಿನಲ್ಲಿ ಖಾರಾ ಅಂದರೆ ಮೆಣಸಿನಕಾಯಿ ಪುಡಿಯಲ್ಲ. ಶೇವು, ಬೂಂದಿ, ಶೇಂಗಾ, ಪುಠಾಣಿ, ಬೆಳ್ಳುಳ್ಳಿ, ಕರಿಬೇವು ಎಲ್ಲವನ್ನೂ ಕರಿದು ಕೂಡಿಸಿದ ತಿನಿಸು. ಅದನ್ನು ಕರಿಯುವವರು ಲುಂಗಿ ಎತ್ತಿ ಕಟ್ಟಿ ಬನಿಯನ್ನಿನಲ್ಲಿ ಒಲೆಯ ಮುಂದೆ ಕೂರುತ್ತಾರೆ. ಮಾರುವವರು ಅದೇ ಬನಿಯನ್ನಿನ ಮೇಲೆ ಒಂದು ಅಂಗಿ ಹಾಕಿಕೊಳ್ಳುತ್ತಾರೆ. ದೊಡ್ಡ ಗಿರಾಕಿ ಬಂದರೆ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳುತ್ತಾರೆ. ಅಲ್ಲಿಗೆ ಅಲಂಕಾರ ಮುಗಿಯಿತು.

ಅಂಥ ಊರಿನಲ್ಲಿ ನಬೀಸಾಬ ಮೂರು ವರ್ಷ ಕೆಂಪು ಟೈ ಕಟ್ಟಿದ. ಹುಬ್ಬಳ್ಳಿಯ ‘ಖಮಂಗ್ ಖಜಾನಾ’ ಎಂಬ ಕಂಪನಿಯ ಫ್ರಾಂಚೈಸಿ ತೆಗೆದುಕೊಂಡಿದ್ದ. ಅಂದರೆ ಅಂಗಡಿ ಇವನದು, ಬೋರ್ಡು ಕಂಪನಿಯದು. ಮಾರುವವ ಇವನು, ಮಾಲು ಕಂಪನಿಯದು. ಬೆವರು ಇವನದು, ಟೈ ಕಂಪನಿಯದು. ಐವತ್ತು ವರ್ಷ ಖಾರಾ ಕರಿದ ತಾಯಿ ರಹಿಮಾಬಿಯ ದೊಡ್ಡ ಕಡಾಯಿಯನ್ನು ಅಟ್ಟಕ್ಕೇರಿಸಿ, ಬಜಾರದ ಅಂಗಡಿಯಲ್ಲಿ ಬೆಳ್ಳಿ ಬಣ್ಣದ ಪಾಕೀಟುಗಳನ್ನು ಸಾಲಾಗಿ ಜೋಡಿಸಿಟ್ಟ. ಮೊದಲ ದಿನ ಮನೆಗೆ ತಂದ ಪಾಕೀಟನ್ನು ರಹಿಮಾಬಿ ಒಡೆದು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, “ಇದನ್ನ ಕರದಾಂವ ನನ್ನ ಕೈಯಾಗ ಕಲತಾಂವ” ಎಂದಿದ್ದಳು. ಎಪ್ಪತ್ತೈದು ದಾಟಿದವಳ ಮಾತು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರು ವರ್ಷ ಅಂಗಡಿ ಕುಂಟುತ್ತ ನಡೆಯಿತು. ಓಣಿಗೊಂದು ಕಡಾಯಿ ಇರುವ ಊರಿಗೆ ಹೊರಗಿನಿಂದ ಖಾರಾ ತಂದರೆ ಇನ್ನೇನಾದೀತು. ಕರಾರಿನ ಅವಧಿ ಮುಗಿದ ದಿನ ಕಂಪನಿಯವರು ಬಂದು ಬೋರ್ಡು ಇಳಿಸಿದರು, ಗಾಜಿನ ಕಪಾಟು ಹೊತ್ತೊಯ್ದರು, ಕೈ ಕುಲುಕಿ ಹೋದರು. ಟೈ ಮಾತ್ರ ಉಳಿಯಿತು. ಅದು ನಬೀಸಾಬನ ಕುತ್ತಿಗೆಯಲ್ಲಿದ್ದುದರಿಂದ ಅವರಿಗೆ ನೆನಪಾಗಲಿಲ್ಲ.

ಕರಾರುಪತ್ರವೂ ಉಳಿಯಿತು. ಹದಿನಾಲ್ಕು ಹಾಳೆ. ಸಹಿ ಮಾಡಿದ ಮರುದಿನವೇ ನಬೀಸಾಬ ಅಷ್ಟಕ್ಕೂ ಲ್ಯಾಮಿನೇಶನ್ ಮಾಡಿಸಿದ್ದ. ಮಗಳು ಮಹೆಕಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಅವನು ಆ ಮರ್ಯಾದೆ ಕೊಟ್ಟಿರಲಿಲ್ಲ. ಮೂರು ವರ್ಷದಲ್ಲಿ ಅಂಗಡಿಗೆ ಬಂದವರಿಗೆಲ್ಲ ಅದನ್ನು ತೋರಿಸಿದ್ದ. ತಾನು ಮಾತ್ರ ಓದಿರಲಿಲ್ಲ.

ಮಹೆಕಳ ನಿಕಾಹ್‌ಗೆ ಆಗ ಹತ್ತು ದಿನ ಉಳಿದಿತ್ತು. ಹುಡುಗ ಹಾನಗಲ್ಲಿನ ಬೇಕರಿ ಮುಸ್ತಾಕನ ಮಗ. ರಹಿಮಾಬಿಯ ಮನೆತನಕ್ಕೆ ಒಂದು ರಿವಾಜಿತ್ತು: ಮದುಮಗಳಿಗಿಂತ ಮುಂಚೆ ಐದು ಡಬ್ಬಿ ಖಾರಾ ಬೀಗರ ಹೊಸ್ತಿಲು ದಾಟಬೇಕು, ಅದು ಮನೆಯ ಹಿರಿಯಳ ಕೈಯಿಂದಲೇ ಕರಿದದ್ದಾಗಿರಬೇಕು. ರಹಿಮಾಬಿ ಹಾಗೇ ಬಂದವಳು, ಮಗಳು ದಿಲ್ಶಾದಳನ್ನು ಹಾಗೇ ಕಳಿಸಿದವಳು.

“ಬೋರ್ಡ ಹೋತು, ಪೀಡಾ ಹೋತು” ಎಂದಳು ರಹಿಮಾಬಿ. “ಕಡಾಯಿ ಇಳಿಸು ನಬೀ. ಹಂಗ ಅಂಗಡಿನೂ ಮೊದಲಿನಂಗ ಚಾಲೂ ಆಗಲಿ.”

ಕಡಾಯಿ ಇಳಿಯಿತು. ನಬೀಸಾಬನ ಹೆಂಡತಿ ಅಖ್ತರುನ್ನೀಸಾ ಹುಣಸೆಹಣ್ಣು ಹಾಕಿ ತಿಕ್ಕಿ ಅದರಲ್ಲಿ ಮುಖ ಕಾಣುವಂತೆ ಮಾಡಿದಳು. ಹಿತ್ತಲಿನ ಒಲೆಗೆ ಬೆಂಕಿ ಬಿತ್ತು. ಎಣ್ಣೆ ಕಾಯುವತನಕ ಸುಮ್ಮನೆ ಯಾಕೆ ಕೂರುವುದೆಂದು ನಬೀಸಾಬ ಚಾಳೀಸು ಏರಿಸಿ, ಕರಾರುಪತ್ರವನ್ನು ಮೊಟ್ಟಮೊದಲ ಬಾರಿಗೆ ಓದಲು ಕುಳಿತ. ಹನ್ನೊಂದನೇ ಹಾಳೆಗೆ ಬಂದವನೇ ಎದ್ದು, ಬಕೆಟ್ಟು ಎತ್ತಿ, ಒಲೆಯ ಮೇಲೆ ನೀರು ಸುರಿದ.

ಹೊಗೆ ಇಳಿದ ಮೇಲೆ ರಹಿಮಾಬಿ ಶಾಂತವಾಗಿ ಕೇಳಿದಳು, “ಯಾರ ಸತ್ರು?”

“ಕಲಂ ಹತ್ತೊಂಬತ್ತು, ಅಮ್ಮಾ” ಎಂದು ನಬೀಸಾಬ ಓದಿದ. “‘ಕರಾರು ಮುಗಿದ ದಿನದಿಂದ ಐದು ವರ್ಷಗಳ ಕಾಲ, ಅಂಗಡಿಯಿಂದ ಇಪ್ಪತ್ತೈದು ಕಿಲೋಮೀಟರ್ ಒಳಗೆ, ಸದರಿ ನಬೀಸಾಬನಾಗಲಿ ಅವನ ಬಂಧುಬಳಗದವರಾಗಲಿ ಖಾರಾ ಅಥವಾ ಖಾರಾದಂಥ ಪದಾರ್ಥವನ್ನು ತಯಾರಿಸತಕ್ಕದ್ದಲ್ಲ, ಮಾರತಕ್ಕದ್ದಲ್ಲ, ಅದಕ್ಕೆ ಯಾವ ರೀತಿಯಿಂದಲೂ ನೆರವಾಗತಕ್ಕದ್ದಲ್ಲ.’ ಕೆಳಗ ನನ್ನ ಸಹಿ ಐತಿ.”

“ಅಂಗಡಿ ಮಾತು ಅದು. ಮನ್ಯಾಗ ಮಗಳ ಮದುವಿಗೆ ಕರದ್ರ ಅವರಪ್ಪನ ಗಂಟೇನ ಹೋಗತೈತಿ?” ಎಂದಳು ಅಖ್ತರುನ್ನೀಸಾ.

“ಅಂಗಡಿ ಅಂತ ಬರದಿಲ್ಲ. ತಯಾರಿಸತಕ್ಕದ್ದಲ್ಲ ಅಂತ ಬರದಾರ.”

“ಸಹಿ ಮಾಡೂ ಮುಂದ ಓದಾಕ ಏನಾಗಿತ್ತ್ರಿ?”

ಸಹಿ ಮಾಡುವಾಗ ನಬೀಸಾಬ ಟೈ ಕಟ್ಟುವುದನ್ನು ಕಲಿಯುತ್ತಿದ್ದ. ಅದನ್ನು ಹೆಂಡತಿಗೆ ಹೇಳಲಿಲ್ಲ. ಬದಲಿಗೆ ಒಂದು ನೋಟುಬುಕ್ಕು, ಪೆನ್ನು ಹಿಡಿದು ತಾಯಿಯ ಮುಂದೆ ಕುಳಿತ. “ಅಮ್ಮಾ, ನಮ್ಮ ಬಂಧುಬಳಗದಾಗ ಯಾರ್ಯಾರ ಬರ್ತಾರ, ಹೇಳ್ಕೋತ ಹೋಗು. ಗೊತ್ತಿಲ್ಲದ ಯಾರರ ಕರದು ನನ್ನ ಸಹಿ ಕೆಡೂದು ಬ್ಯಾಡ.”

ಇದು ಅವನು ಮಾಡಿದ ದೊಡ್ಡ ತಪ್ಪು. ಯಾರ ಮನೆಯ ಕೂಸು ಯಾರ ಮಡಿಲಿನದು ಎಂಬುದರಲ್ಲಿ ರಹಿಮಾಬಿಯನ್ನು ಮೀರಿಸಿದವರು ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಮೂರು ವರ್ಷದಿಂದ ಒಲೆಯಿಲ್ಲದೆ ಕುಳಿತಿದ್ದ ಜೀವಕ್ಕೆ ಒಂದು ಕೆಲಸ ಸಿಕ್ಕಂತಾಯಿತು. ಆಕೆ ಎಲೆಯಡಿಕೆ ಬಾಯಿಗಿಟ್ಟು ಶುರು ಮಾಡಿದಳು. ಚಾಚಾಗಳು ಬಂದರು, ಮಾಮೂಗಳು ಬಂದರು, ಖಾಲಾ, ಫೂಫಿ, ಅವರ ಬೀಗರು, ಬೀಗರ ಬೀಗರು ಬಂದರು. ರಹಿಮಾಬಿಯ ತಂಗಿಯ ಮಗ ಬಾಬಾಜಾನ ಬಂದ. ಅವನು ಹತ್ತಿಮತ್ತೂರಿನಲ್ಲಿ ನಾಲ್ಕು ಕಡಾಯಿ ಇಟ್ಟು ಖಾರಾ ಕರಿಯುತ್ತಿದ್ದ, ಯಾರಿಗೆ ಮಾರುತ್ತಾನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನೂರಾಹದಿಮೂರು ಆದ ಮೇಲೆ ರಹಿಮಾಬಿ ಹಾಲಿನ ನಂಟಿಗೆ ಇಳಿದಳು.

“ಹಾಲ ಕುಡದವರೂ ಮಕ್ಕಳ. ಬರಿ. ಬಾಡಿಗಿ ಮನ್ಯಾಗ ಒಬ್ಬ ಕಂಡಕ್ಟರ ಇದ್ದ, ಅವನ ಹೆಂಡತಿ ಹಾಲವ್ವ. ಬಾಣಂತಿಗೆ ಜ್ವರಾ ಬಂದು ಎದಿ ಬತ್ತಿ ಹೋತು. ನಮ್ಮ ದಿಲ್ಶಾದ ಆಗ ಕೂಸು. ಒಂದ ಕಡೆ ಇದು, ಒಂದ ಕಡೆ ಅದು, ಎರಡ ತಿಂಗಳ ಇಬ್ಬರಿಗೂ ನಾನ ಕುಡಿಸೇನಿ.”

“ಹೆಸರು?”

“ಹೆಸರ ಇಡೂದರಾಗ ಅವರಿಗೆ ವರ್ಗ ಆತು. ಹಾಲವ್ವನ ಕೂಸು ಅಂತ ಬರಿ.”

ನಬೀಸಾಬ ಬರೆದ: ‘೧೧೪. ಹಾಲವ್ವನ ಕೂಸು. ಸದ್ಯ ಎಲ್ಲಿರುವುದೋ ತಿಳಿಯದು.’ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಪಟ್ಟಿ ಇನ್ನೂರಾ ಹನ್ನೊಂದಕ್ಕೆ ಬಂದು ನಿಂತಿತು. ಅದೂ ಎಲೆಯಡಿಕೆ ಮುಗಿಯಿತೆಂದು.

ಮರುದಿನ ನಬೀಸಾಬ ಟೈ ಕಟ್ಟಿಕೊಂಡು, ಪಟ್ಟಿ ಹಿಡಿದು, ಮನೆಮನೆಗೆ ಹೊರಟ. ಸವಣೂರಿನ ಕಡಾಯಿಗಳ ಪೈಕಿ ಹನ್ನೊಂದು ಅವನ ಬಂಧುಬಳಗದವಾಗಿದ್ದವು. ಮೊದಲನೆಯವನು ದೂರದ ಚಾಚಾ. ಹಾಳೆ ನೋಡಿ, “ನಾ ನಿನಗ ಸಂಬಂಧಿ ಅಲ್ಲಪಾ. ನಿಮ್ಮಪ್ಪನ ಜೋಡಿ ಜಗಳಾಡಿ ಮೂವತ್ತ ವರ್ಷ ಆತು, ಮಾತ ಬಿಟ್ಟೇನಿ” ಎಂದ.

“ಅದ ಸಾಕ್ಷಿ ಚಾಚಾ. ಹೊರಗಿನವರ ಜೋಡಿ ಯಾರರ ಮೂವತ್ತ ವರ್ಷ ಮಾತ ಬಿಡ್ತಾರೇನು?”

ಚಾಚಾ ಎದ್ದ. ಒಲೆ ಆರಿಸಿದ. ಉಳಿದವರೂ ಒಬ್ಬೊಬ್ಬರಾಗಿ ಆರಿಸಿದರು. ಮಧ್ಯಾಹ್ನದ ಬಸ್ಸಿಗೆ ನಬೀಸಾಬ ಹತ್ತಿಮತ್ತೂರಿಗೂ ಹೋಗಿ ಬಾಬಾಜಾನನಿಗೆ ಹಾಳೆ ತೋರಿಸಿ ಬಂದ. ಪ್ಲಾಸ್ಟಿಕ್ಕಿನೊಳಗಿನಿಂದ ಮಿರಮಿರ ಮಿಂಚುವ ಕಾಗದ ನೋಡಿ ಎಲ್ಲರಿಗೂ ಅದು ಹೈಕೋರ್ಟಿನಿಂದಲೇ ಬಂದಂತೆ ಕಂಡಿತು. ಸಂಜೆ ಬೀಟಿನ ಪೊಲೀಸಿನವನು ಬಂದು, “ಠಾಣಿಗೆ ಚಾದ ಜೋಡಿ ಖಾರಾ ಬಂದಿಲ್ಲ. ಊರಾಗ ಏನರ ಗಲಾಟಿ ಆಗೇತೇನು?” ಎಂದು ವಿಚಾರಿಸಿಕೊಂಡು ಹೋದ.

ಗಲಾಟೆ ಆಗಿರಲಿಲ್ಲ. ಅದು ಆದದ್ದು ಆಮೇಲೆ, ನೆರೆಮನೆಯ ಭರಮವ್ವನಿಂದ. ಭರಮವ್ವನದು ಗಿರಮಿಟ್ಟಿನ ಗಾಡಿ. ಚುರಮರಿಗೆ ಮಸಾಲೆ ಕಲಿಸಿ, ಮೇಲೆ ಒಂದು ಹಿಡಿ ಖಾರಾ ಉದುರಿಸಿ ಕೊಡುವವಳು. ಆಕೆ ಹಿತ್ತಲ ಗೋಡೆಯ ಮೇಲಿಂದ ಇಣುಕಿ, “ನಬೀ, ನನ್ನ ನಂಬರ ಎಷ್ಟು?” ಎಂದಳು.

“ನೀ ಪಟ್ಟಿಯಾಗ ಇಲ್ಲಬೇ ಅಕ್ಕಾ. ಆರಾಮ ಗಾಡಿ ಹಚ್ಚು.”

ಹೀಗೆಂದರೆ ಆಕೆಗೆ ಖುಷಿಯಾದೀತೆಂದು ನಬೀಸಾಬ ತಿಳಿದಿದ್ದ. ಭರಮವ್ವನ ಮುಖ ಕಪ್ಪಿಟ್ಟಿತು.

“ಇಲ್ಲಾ? ನಿಮ್ಮಪ್ಪ ಹ್ವಾದಾಗ ನಿನ್ನ ಮುಂದ ಕುಂತು ಮೂರ ದಿನ ಗಂಜಿ ಕುಡಿಸಿದಾಕಿ ಯಾರು? ಚಾಚಾ, ಮೂವತ್ತ ವರ್ಷ ಮಾತ ಬಿಟ್ಟಾಂವ, ಅವ ಬಂಧು. ನಲವತ್ತೈದ ವರ್ಷ ದಿನಾ ಮಾತಾಡಿದಾಕಿ ನಾ ಯಾರೂ ಅಲ್ಲ.”

“ಅದು ಕಾನೂನಿನ ಪಟ್ಟಿ, ಅಕ್ಕಾ. ಅದರಾಗ ಬಂದ್ರ ಲುಕ್ಸಾನು.”

“ಲುಕ್ಸಾನಿನ್ಯಾಗ ಕರೀಲಿಲ್ಲ ಅಂದ್ರ ಮದುವ್ಯಾಗ ಎದಕ ಕರಿತಿ?”

ಗೋಡೆಯಿಂದ ತಲೆ ಇಳಿಯಿತು. ಅವತ್ತಿನಿಂದ ಭರಮವ್ವ, ಯಾರೂ ಹೇಳದಿದ್ದರೂ, ಯಾವ ಕಲಮೂ ಹತ್ತದಿದ್ದರೂ, ಗಾಡಿಗೆ ತಾಡಪತ್ರಿ ಹೊದಿಸಿ ಮನೆಯಲ್ಲಿ ಕುಳಿತಳು. ಬಂದವರಿಗೆಲ್ಲ “ನಂದೂ ಬಂದ್ ಐತ್ರಿ, ನಮ್ಮ ಮಂದೀದು ಕರಾರ ಐತಿ” ಎಂದು ಹೇಳಿ ಕಳಿಸಿದಳು.

ಸುದ್ದಿ ಬಸ್ಸು ಹತ್ತಿ ಹಾನಗಲ್ಲಿಗೆ ಹೋಯಿತು. ಮೂರನೇ ದಿನ ಬೀಗ ಮುಸ್ತಾಕ ಫೋನು ಮಾಡಿದ. ಸಲಾಂ ಆಯಿತು, ಆರೋಗ್ಯ ಆಯಿತು, ಮಳೆ ಆಯಿತು. ಆಮೇಲೆ, “ನಬೀಸಾಬ ಭಾಯಿ, ನಿಕಾಹ್ ಆದ ಕೂಡಲೆ ನಾನೂ ನಿಮ್ಮ ಬಂಧು ಆಗ್ತೇನ್ರಿ, ಹೌದಲ್ರಿ?” ಎಂದ.

“ನಿಮ್ಮ ಬೇಕರಿ ಹಾನಗಲ್ಲಿನ್ಯಾಗ ಐತಿ ತಗೋರಿ. ಅದು ಇಪ್ಪತ್ತೈದು ಕಿಲೋಮೀಟರಿನ ಹೊರಗ ಐತಿ.”

“ಎರಡನೇ ಬೇಕರಿ ಶಿಗ್ಗಾಂವಿಯೊಳಗ ತಗದೇನಲ್ರಿ. ಅದು ಒಳಗ ಬರತೈತಿ. ಕೇಕಿಗಿಂತ ಅಲ್ಲಿ ಖಾರಾನ ಜಾಸ್ತಿ ಹೋಗತೈತ್ರಿ.” ಮುಸ್ತಾಕ ಕೆಮ್ಮಿದ. “ಅದಕ ಮನ್ಯಾಗ ಅಂದ್ರು, ನಿಕಾಹ್ ಸ್ವಲ್ಪ ಮುಂದಕ್ಕ ಹಾಕಿದ್ರ ಹೆಂಗ ಅಂತ.”

“ಎಷ್ಟ ಮುಂದಕ್ಕರಿ?”

“ಭಾಳ ಇಲ್ರಿ. ಐದು ವರ್ಷ.”

ನಬೀಸಾಬ ಫೋನು ಇಟ್ಟು ಸುದ್ದಿ ಹೇಳಿದ. ಕೈಗೆ ಮೆಹಂದಿಯ ನಮೂನೆ ಆರಿಸುತ್ತಿದ್ದ ಮಹೆಕ ತಲೆ ಎತ್ತದೆ, “ಅಬ್ಬಾ, ನಿಮ್ಮ ಕಾಗದ ತಗೊಂಡು ಒಬ್ಬ ಓದಿದವರ ಕಡೆ ಹೋಗ್ರಿ. ಬರೇ ತೋರಸಬ್ಯಾಡ್ರಿ, ಓದಸ್ರಿ” ಎಂದಳು.

ಶಿಗ್ಗಾಂವಿಯಲ್ಲಿ ವಕೀಲಿ ಮಾಡುವ ಯಶೋಧರಾ ತಾಳ್ಮೆಯ ಹೆಣ್ಣುಮಗಳು. ಹದಿನಾಲ್ಕು ಹಾಳೆಯನ್ನೂ ಓದಿದಳು. ಇನ್ನೂರಾ ಹನ್ನೊಂದು ಹೆಸರನ್ನೂ ಓದಿದಳು. ನಡುನಡುವೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಗು ಅಡಗಿಸುವುದಕ್ಕೆ ಎಂದು ನಬೀಸಾಬನಿಗೆ ಗೊತ್ತಾಗಲಿಲ್ಲ.

“ನಬೀಸಾಬರ, ಕರಾರು ನಡದಿರೂತನಕ ‘ಬ್ಯಾರೆ ಖಾರಾ ಮಾರಬ್ಯಾಡ’ ಅಂದ್ರ ಆ ಮಾತು ನಿಲ್ಲತೈತ್ರಿ. ಕರಾರು ಮುಗದ ಮ್ಯಾಲೂ ಒಬ್ಬ ಮನಷ್ಯಾನ ದುಡಿಮಿ ಬಂದ್ ಮಾಡ್ತೇನಿ ಅಂದ್ರ ನಮ್ಮ ದೇಶದ ಕಾಯ್ದೆ ಒಪ್ಪೂದಿಲ್ಲ. ಕರಾರು ಕಾಯ್ದೆ, ಇಪ್ಪತ್ತೇಳನೇ ಕಲಂ. ಅವರ ಹೆಸರು, ಅವರ ಬೋರ್ಡು, ಅವರ ಗುಟ್ಟು ನೀವು ಬಳಸೂಹಂಗಿಲ್ಲ, ಅಷ್ಟ. ನಿಮ್ಮವ್ವನ ಖಾರಾ ನಿಮ್ಮವ್ವಂದು.”

ನಬೀಸಾಬ ಸಂತೋಷಪಡುವುದರ ಬದಲು ಕುಗ್ಗಿಹೋದ. “ನನ್ನ ಹತ್ತೊಂಬತ್ತಕ್ಕಿಂತ ಆ ಇಪ್ಪತ್ತೇಳು ದೊಡ್ಡದೇನ್ರಿ?”

“ಎಂಟು ದೊಡ್ಡದ್ರಿ.”

“ಲ್ಯಾಮಿನೇಶನ್ ಮಾಡಿಸೇನಲ್ರಿ.”

“ಮಾಡಿಸಿದ್ರ ನೀರಿಗೆ ತಡೀತೈತಿ. ಕೋರ್ಟಿಗೆ ತಡೆಯೂದಿಲ್ಲ.”

ನಬೀಸಾಬ ಹಾಳೆಗಳನ್ನು ಒಂದೊಂದಾಗಿ ಜೋಡಿಸಿದ. ಬಾಗಿಲತನಕ ಹೋದವನು ತಿರುಗಿ ಬಂದ. “ವಕೀಲರ, ಕಾಯ್ದೆ ನನ್ನ ಬಿಡತು, ಖರೆ. ಮಾತ ಕೊಟ್ಟಾಂವ ನಾನ ಅಲ್ಲೇನ್ರಿ? ನಾಳೆ ಯಾರರ ಬಂದು ‘ಸಹಿ ನಿಂದ ಹೌದಿಲ್ಲೋ’ ಅಂದ್ರ, ಹೌದು ಅನಬೇಕಾಗತೈತಿ. ಮಗಳ ಮದುವಿ ಖಾರಾ ನಾ ತಲಿ ತಗ್ಗಿಸಿ ಕಳಿಸೂದಿಲ್ಲ.”

ಯಶೋಧರಾ ಈಗ ನಗಲಿಲ್ಲ. “ಹಂಗಾದ್ರ ಬರಿಸಿಕೊಂಡವರ ಕಡಿಂದನ ‘ಬಿಟ್ಟೇವಿ’ ಅಂತ ಬರಸ್ಕೊರ್ರಿ. ಆದ್ರ ಕಂಪನಿ ಸುಮ್ಮಸುಮ್ಮನ ಬರದ ಕೊಡತೈತೇನು?”

ಕಂಪನಿ ಸುಮ್ಮನೆ ಬರೆದುಕೊಡುತ್ತಿರಲಿಲ್ಲ. ಆದರೆ ಅಷ್ಟೊತ್ತಿಗೆ ಕಂಪನಿಯೇ ಸವಣೂರಿಗೆ ಬಂದು ನಬೀಸಾಬನ ಕಟ್ಟೆಯ ಮೇಲೆ ಕುಳಿತಿತ್ತು. ಬಸ್ಸಿಳಿದು ಓಣಿಗೆ ತಿರುಗಿದ ನಬೀಸಾಬನಿಗೆ ಮನೆಯ ಮುಂದೆ ಬಿಳಿ ಕಾರು ಕಂಡಿತು. ಕಟ್ಟೆಯ ಮೇಲೆ ಮ್ಯಾನೇಜರ ಹುಲಗೇಶ. ಮೂರು ವರ್ಷ ಅಂಗಡಿಗೆ ಬಂದು ಲೆಕ್ಕ ಕೇಳಿ ಹೋಗುತ್ತಿದ್ದ ಮನುಷ್ಯ. ಮನೆಯ ಕಡೆ ಒಮ್ಮೆಯೂ ಬಂದವನಲ್ಲ. ಅವನ ಪಕ್ಕದಲ್ಲಿ ಹತ್ತಿಮತ್ತೂರಿನ ಬಾಬಾಜಾನ, ತಪ್ಪು ಮಾಡಿದವನಂತೆ ನೆಲ ನೋಡುತ್ತಿದ್ದ. ಗೋಡೆಯ ಮೇಲೆ ಭರಮವ್ವನ ತಲೆ ಮತ್ತೆ ಮೂಡಿತ್ತು. ಆಕೆ ಮುನಿಸಿಕೊಂಡಿದ್ದಳು, ಆದರೆ ಇಂಥದನ್ನು ಬಿಟ್ಟು ಒಳಗೆ ಕೂರುವಷ್ಟು ಅಲ್ಲ.

“ಏನ್ರಿ ನಬೀಸಾಬ” ಎಂದ ಹುಲಗೇಶ, “ಇವರಿಗೆ ಖಾರಾ ಕರಿಯೂದು ಬಂದ್ ಮಾಡು ಅಂದ್ರಂತ?”

“ಕರಿಬಾರದು ಅಂತ ನೀವ ಬರದೀರಿ. ಇವ ನನ್ನ ಖಾಲಾನ ಮಗ. ನಂಬರ ಹದಿನೇಳು.”

“ಇವರು ನಮ್ಮ ಕಂಪನಿಗೆ ಕರಿಯೂ ಮನಷ್ಯಾ ರೀ.”

ಗುಟ್ಟು ಹೊರಬಿತ್ತು. ಹತ್ತಿಮತ್ತೂರಿನ ಖಾರಾ ಗೋಣಿಯಲ್ಲಿ ಹುಬ್ಬಳ್ಳಿಗೆ ಹೋಗಿ, ಬೆಳ್ಳಿ ಪಾಕೀಟು ತೊಟ್ಟು, ಹತ್ತು ಕಿಲೋಮೀಟರ್ ಆಚೆಯ ಸವಣೂರಿಗೆ ವಾಪಸು ಬರುತ್ತಿತ್ತು. ಅದನ್ನು ನಬೀಸಾಬ ಟೈ ಕಟ್ಟಿ ಮಾರಿದ್ದ. ರಹಿಮಾಬಿ ಬಾಗಿಲಲ್ಲಿ ಕುಳಿತು ಎಲೆಗೆ ಸುಣ್ಣ ಸವರುತ್ತ, “ನಾ ಮೊದಲನ ದಿನಾನ ಹೇಳಿದ್ದೆ” ಎಂದಳು.

“ಯಾರಿಗೂ ಹೇಳಬ್ಯಾಡ ಅಂದಿದ್ರು, ಖಾಲಾ” ಎಂದು ಬಾಬಾಜಾನ ಗೊಣಗಿದ. “ನಬೀ ಭಾಯಿ ಹಾಳಿ ತೋರಿಸಿದ ಕೂಡಲೆ ಕಂಪನಿಗೆ ಫೋನ್ ಹಚ್ಚಿ, ನನಗೂ ಹತ್ತೊಂಬತ್ತು ಹತ್ತೇತಿ, ನಾ ಬಿಟ್ಟೆ ಅಂದೆ. ನಾಲ್ಕ ದಿನ ಚಲೋ ನಿದ್ದಿ ಆತು.”

ಹುಲಗೇಶ ಹಣೆ ಒರೆಸಿಕೊಂಡ. “ನಾಲ್ಕ ದಿನದಿಂದ ಎಂಟ ಊರಿನ ಅಂಗಡಿಗೆ ಮಾಲಿಲ್ಲ. ನಬೀಸಾಬ, ಇವರೊಬ್ಬರನ್ನ ನಿಮ್ಮ ಪಟ್ಟಿಯಿಂದ ತಗೀರಿ. ಮುಗೀತು.”

“ಖಾಲಾನ ಮಗನ್ನ ಹೆಂಗ ತಗೀಲಿ? ಸಂಬಂಧ ಏನ ಬೋರ್ಡೇನ್ರಿ, ಮೊಳಿ ಕಿತ್ತು ಇಳಸಾಕ? ಬಿಟ್ರ ಇನ್ನೂರಾ ಹನ್ನೊಂದೂ ಬಿಡಬೇಕು. ಇಲ್ಲಂದ್ರ ಎಲ್ಲಾರೂ ಐದು ವರ್ಷ.”

“ಎಲ್ಲಾರನ್ನೂ ಬಿಡಾಕ ನನಗ ಅಧಿಕಾರ ಇಲ್ರಿ. ಹೊರಗಿನಾಂವ ನಾ, ನಿಮ್ಮ ಬಂಧುಬಳಗದಾಗ ನನ್ನೆದಕ ಸಿಗಸ್ತೀರಿ?”

ರಹಿಮಾಬಿ ಎಲೆ ಮಡಚುತ್ತ ಅವನನ್ನೇ ನೋಡುತ್ತಿದ್ದಳು. ಹೊಸ ಮುಖ ಕಂಡರೆ ಆಕೆ ಕೇಳುವ ಒಂದು ಪ್ರಶ್ನೆಯಿತ್ತು. ಪಟ್ಟಿ ಬರೆಸಿದ ಮೇಲಂತೂ ಹಾಲಿನವನನ್ನೂ ಬಿಟ್ಟಿರಲಿಲ್ಲ. “ಯಾವೂರಪ್ಪಾ ನಿಂದು? ಯಾರ ಮಗ?”

“ಹಿರೇಕೆರೂರ್ರಿ, ಅಜ್ಜಿ. ಅಂದ್ರ ಹುಟ್ಟಿದ್ದು ಇಲ್ಲೇ ಸವಣೂರಾಗಂತ. ಅಪ್ಪ ಬಸ್ಸಿನ ಕಂಡಕ್ಟರ ಇದ್ರು.”

ರಹಿಮಾಬಿಯ ಕೈ ನಿಂತಿತು. ಭರಮವ್ವ ಗೋಡೆಯ ಮೇಲೆ ಇನ್ನೊಂದು ಗೇಣು ಏರಿದಳು.

“ನಿಮ್ಮವ್ವನ ಹೆಸರು?”

“ಹಾಲವ್ವರಿ.”

ನಬೀಸಾಬ ಪಟ್ಟಿ ಬಿಡಿಸಿ, ಮೂರನೇ ಹಾಳೆ ತಿರುವಿ, ಬೆರಳಿಟ್ಟು ಹುಲಗೇಶನ ಮುಂದೆ ಹಿಡಿದ. ಹುಲಗೇಶ ಓದಿದ. ಮತ್ತೆ ಓದಿದ. ರಹಿಮಾಬಿ ಕಂಡಕ್ಟರನ ಬಾಡಿಗೆ ಮನೆ, ಜ್ವರ, ಎರಡು ತಿಂಗಳು ಎಲ್ಲವನ್ನೂ ನಿಧಾನವಾಗಿ ಹೇಳಿದಳು. ನಲವತ್ನಾಲ್ಕು ವರ್ಷದ ಮ್ಯಾನೇಜರ ಕಟ್ಟೆಯಿಂದ ಇಳಿದು ಬಂದು ಆಕೆಯ ಕಾಲು ಮುಟ್ಟಿದ.

“ಅವ್ವ ಇನ್ನೂ ಹೇಳ್ತಿರ್ತಾಳ್ರಿ, ಸವಣೂರಾಗ ನಿನಗ ಇನ್ನೊಬ್ಬಾಕಿ ತಾಯಿ ಅದಾಳ, ಹೋದಾಗ ಹುಡುಕಿ ಕಾಲ ಮುಟ್ಟಿ ಬಾ ಅಂತ. ಮೂರ ವರ್ಷ ಬಂದೇನಿ. ಬರೇ ಅಂಗಡಿಗೆ ಬಂದೆ.”

“ಇರ್ಲಿ ಏಳು. ಹುಟ್ಟಿದಾಗ ಇಷ್ಟ ಸಾವಕಾಶ ಇದ್ದಿಲ್ಲ ನೀ. ದಿಲ್ಶಾದನ ಪಾಲೂ ಕುಡೀತಿದ್ದಿ” ಎಂದಳು ರಹಿಮಾಬಿ, ಅವನ ತಲೆಯ ಮೇಲೆ ಸುಣ್ಣದ ಕೈ ಇಡುತ್ತ.

ನಬೀಸಾಬನಿಗೆ ಕಣ್ಣು ತುಂಬಿ ಬಂದಿತ್ತು. ಆದರೂ ಕಾಗದ ಕಾಗದವೇ. ಪಟ್ಟಿ ಮಡಚಿ ಹೇಳಿದ, “ತಮ್ಮಾ ಹುಲಗೇಶ, ನೀ ನಂಬರ ನೂರಾ ಹದಿನಾಲ್ಕು. ಖಾರಾ ಮಾರೂಹಂಗಿಲ್ಲ, ಅದಕ್ಕ ಯಾವ ರೀತಿಯಿಂದಲೂ ನೆರವಾಗೂಹಂಗಿಲ್ಲ. ಇವತ್ತ ಕಂಪನಿ ಬಿಡಬೇಕಾಗತೈತಿ.”

“ಬಿಚ್ಚಪಾ ಟೈ” ಎಂದಳು ಭರಮವ್ವ ಗೋಡೆಯ ಮೇಲಿಂದ.

ಹುಲಗೇಶ ಟೈ ಬಿಚ್ಚಲಿಲ್ಲ, ಸಡಿಲ ಮಾಡಿಕೊಂಡ. ಬೇವಿನ ಗಿಡದ ಕೆಳಗೆ ಹೋಗಿ ಮಾಲಕರಿಗೆ ಫೋನು ಹಚ್ಚಿದ. ಅರ್ಧ ತಾಸು ಮಾತಾಡಿದ. “ಕರಿಯೂ ಮನಷ್ಯಾ ಹ್ವಾದ್ರಿ... ನಾನೂ ಹೋಗ್ತೇನ್ರಿ... ಇಲ್ರಿ, ಹಾಲಿನ ನಂಟ್ರಿ... ನಮ್ಮ ವಕೀಲರೂ ಹೋದ ವರ್ಷ ಹೇಳಿದ್ರಲ್ರಿ, ಆ ಕಲಂ ನಿಲ್ಲೂದಿಲ್ಲ ಅಂತ, ಹೆದರಿಸಾಕ ಇರ್ಲಿ ಅಂತ ಬಿಟ್ಟಿದ್ವಿ...” ಎಂಬ ತುಣುಕುಗಳು ಕೇಳಿಸಿದವು. ಕೊನೆಗೆ ಬಂದು, “ಆತು. ಹೊಡದ ಹಾಕು ಅಂದಾರ” ಎಂದು ಜೇಬಿನಿಂದ ಪೆನ್ನು ತೆಗೆದ.

ಹನ್ನೊಂದನೇ ಹಾಳೆಯ ಮೇಲೆ ಪೆನ್ನು ಓಡಿಸಿದ. ಪೆನ್ನು ಜಾರಿತು. ಒತ್ತಿ ಬರೆದ. ಮತ್ತೂ ಜಾರಿತು. ಲ್ಯಾಮಿನೇಶನ್ನಿನ ಮೇಲೆ ಒಂದು ಗೆರೆಯೂ ಮೂಡಲಿಲ್ಲ.

“ಭಾಳ ಚಲೋ ಮಾಡಿಸೀರಿ ಅಣ್ಣಾರ” ಎಂದ ಹುಲಗೇಶ.

ಕಡೆಗೆ ಬಂಧುಬಳಗದ ಪಟ್ಟಿಯ ಬೆನ್ನಿಗೇ ಬರೆದ: ‘ಕಲಂ ಹತ್ತೊಂಬತ್ತು ಈ ಪಟ್ಟಿಯಲ್ಲಿರುವ ಯಾರಿಗೂ ಅನ್ವಯಿಸುವುದಿಲ್ಲ. ಕಂಪನಿಯ ಒಪ್ಪಿಗೆಯಿದೆ.’ ಸಹಿ ಹಾಕಿ, ಚೀಲದಿಂದ ಕಂಪನಿಯ ಶಿಕ್ಕಾ ತೆಗೆದು ಒತ್ತಿದ. ಇನ್ನೂರಾ ಹನ್ನೊಂದು ಜನ ಒಂದೇ ಏಟಿಗೆ ಬಿಡುಗಡೆಯಾದರು.

ಗೋಡೆಯ ಮೇಲಿಂದ ದನಿ ಬಂತು. “ಪಟ್ಟಿಯಾಗ ಇದ್ದವರಿಗೆ ಬಿಡುಗಡಿ. ನನ್ನ ಗಾಡಿ ಬಂದ್ ಮಾಡಿ ನಾಲ್ಕ ದಿನ ಆತು. ನನಗ ಯಾರ ಬಿಡುಗಡಿ ಕೊಡ್ತಾರ?”

ನಬೀಸಾಬ ಪೆನ್ನು ಇಸಿದುಕೊಂಡು, ತನ್ನ ಜೀವಮಾನದ ಅತಿ ಚೆಂದದ ಅಕ್ಷರದಲ್ಲಿ ಬರೆದ: ‘೨೧೨. ಭರಮವ್ವ. ಅಕ್ಕ.’ ಎದ್ದು ಹೋಗಿ ಗೋಡೆಯ ಮೇಲಿಟ್ಟು ತೋರಿಸಿದ. ಭರಮವ್ವನಿಗೆ ಓದು ಬರುತ್ತಿರಲಿಲ್ಲ. ಆಕೆ ಕೊನೆಯ ಸಾಲನ್ನು ಬೆರಳಿನಿಂದ ಸವರಿ, “ದೊಡ್ಡ ಅಕ್ಷರ ಬರದೀಯಲ್ಲ, ಇರ್ಲಿ” ಎಂದು ಇಳಿದು, ಬಾಗಿಲಿನಿಂದ ಸುತ್ತಿ ಬಂದು ಹಿತ್ತಲು ಸೇರಿದಳು.

ಮುಸ್ತಾಕನಿಗೆ ಫೋನು ಹೋಯಿತು. ಅವನು ಎಲ್ಲ ಕೇಳಿ, ನಿಕಾಹ್ ಅದೇ ದಿನಕ್ಕೆ ಇರಲೆಂದು ಹೇಳಿ, ಸ್ವಲ್ಪ ಸಂಕೋಚದಿಂದ, “ಹಂಗಾದ್ರ ನನ್ನ ನಂಬರ ಎಷ್ಟ್ರಿ?” ಎಂದು ವಿಚಾರಿಸಿದ.

ಅವತ್ತೇ ಒಲೆ ಹೊತ್ತಿಸಿದರು. ಆದರೆ ಬಕೆಟ್ಟು ನೀರು ಕುಡಿದಿದ್ದ ಕಟ್ಟಿಗೆ ಬರೀ ಹೊಗೆಯಾಡಿತು. ಬಾಬಾಜಾನ ಶೇವಿಗೆ ಹಿಟ್ಟು ನಾದಿದ, ಅಖ್ತರುನ್ನೀಸಾ ಬೆಳ್ಳುಳ್ಳಿ ಜಜ್ಜಿದಳು, ಹುಲಗೇಶ ತೋಳು ಮಡಚಿ ಶೇಂಗಾ ಆರಿಸಿದ, ರಹಿಮಾಬಿ ಝಾರಿ ಸೌಟು ಹಿಡಿದು ಕಡಾಯಿಯ ಮುಂದೆ ಕುಳಿತಳು. ಬೆಂಕಿ ಮಾತ್ರ ಏಳಲೊಲ್ಲದು. ಭರಮವ್ವ ಗಾಳಿ ಹಾಕಲು ಏನಾದರೂ ಇದೆಯೇ ಎಂದು ಸುತ್ತ ನೋಡಿ, ಕಟ್ಟೆಯ ಮೇಲಿದ್ದ ಹನ್ನೊಂದನೇ ಹಾಳೆಯನ್ನು ಎತ್ತಿಕೊಂಡಳು. ಗಟ್ಟಿಯಾಗಿತ್ತು, ಅಗಲವಾಗಿತ್ತು, ಬಾಗುತ್ತಿರಲಿಲ್ಲ. ನಾಲ್ಕು ಬೀಸಿಗೆ ಉರಿ ಧಗ್ಗನೆ ಎದ್ದಿತು.

ಖಾರಾ ಕರಿಯುವುದಕ್ಕೆ ಯಾವ ರೀತಿಯಿಂದಲೂ ನೆರವಾಗತಕ್ಕದ್ದಲ್ಲ ಎಂದು ಬರೆದಿದ್ದ ಆ ಹಾಳೆ, ಐದು ಡಬ್ಬಿ ತುಂಬುವತನಕ ಒಲೆಗೆ ಗಾಳಿ ಹಾಕಿತು.